ಹುರುಳಿ ಚೆಲ್ಲಿದ ಜಾಗ

ಆ ದಿನ ಬೆಳಿಗ್ಗೆ ನನ್ನಾಕೆ ಎಲ್ಲರಿಗಿಂತ ಮೊದಲು ಎದ್ದು ನೀರು ಹಿಡಿದಿದ್ದಳು. ತಾಲೂಕು ಕಚೇರಿಯಿಂದ ಜಾಗ ನೋಡಲು ಬರುವವರಿದ್ದರು. ಮನೆ ಮುಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನ ಅಂಗಿ ಕುಕ್ಕುತ್ತಾ, "ಇವತ್ತು ಕೆಲಸಕ್ಕೆ ಹೋಗ್ಬೇಡ ಕಣಯ್ಯ. ಗಂಡಸರೂ ನಾಲ್ಕು ಜನ ನಿಂತಿರ್ಲಿ. ಇಲ್ಲಾಂದ್ರೆ ಹೆಂಗಸರ ಗಲಾಟೆ ಅಂತ ಹೊರಟುಹೋಗ್ತಾರೆ" ಅಂದಳು.

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಒಂದು ದಿನ ತಪ್ಪಿಸಿದರೆ ಗೂಡು ಬೇಯುವ ನನ್ನ ತೊಟ್ಟಿಯ ಮುಂದೆ ಬೇರೆ ಯಾರಾದರೂ ಬಂದು ಕೂರುತ್ತಾರೆ. ಆದರೂ ಉಳಿದೆ.

"ನಾನು ಏನ್ ಮಾತಾಡ್ಲಿ ಅಲ್ಲಿ?"

"ನೀನು ಮಾತಾಡಿದ್ದು ಯಾವಾಗ? ಸುಮ್ನೆ ನಿಂತ್ಕೋ. ನಿಂತ್ರೆ ಎತ್ತರ ಕಾಣ್ತೀಯ."

ಅದು ನಮ್ಮ ಕೊನೆಯ ಮಾಮೂಲು ದಿನ. ಅವತ್ತು ಅದು ಗೊತ್ತಿರಲಿಲ್ಲವಾದ್ದರಿಂದ ನಾನು ಏನನ್ನೂ ಸರಿಯಾಗಿ ನೋಡಿ ನೆನಪಿಟ್ಟುಕೊಳ್ಳಲಿಲ್ಲ. ಅವಳು ಯಾವ ಸೀರೆ ಉಟ್ಟಿದ್ದಳು ಎಂದು ಈಗ ಯೋಚಿಸಿದರೆ ನೀಲಿ ಅನ್ನಿಸುತ್ತದೆ, ಮರುಕ್ಷಣ ಹಸಿರು ಅನ್ನಿಸುತ್ತದೆ. ಬರೆಯಲು ಕೂತವನು ಎದ್ದು ಪೆಟ್ಟಿಗೆ ತೆಗೆದು ಎರಡೂ ಸೀರೆ ನೋಡಿ ಬಂದೆ. ತಿಳಿಯಲಿಲ್ಲ.

ನಮ್ಮದು ಅಲೆದಾಡುತ್ತಿದ್ದ ಬುಡಕಟ್ಟು. ನಮ್ಮ ಅಪ್ಪಂದಿರ ಕಾಲದವರೆಗೂ ಗಂಡಸರು ಬಲೆ ಹಾಕಿ ಕೌಜುಗ, ಮೊಲ ಹಿಡಿಯುತ್ತಿದ್ದರು, ಹೆಂಗಸರು ಸೂಜಿ, ಮಣಿ, ಪಿನ್ನು ಮಾರುತ್ತಿದ್ದರು. ಗೌರಿಬಿದನೂರಿನ ಕಡೆಯಿಂದ ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ದಾಟಿ ಚಿಂತಾಮಣಿವರೆಗೆ ಒಂದು ಸುತ್ತು. ಮನೆಯಲ್ಲಿ ಆಡುವ ನಮ್ಮ ಮಾತಿಗೆ ಅಕ್ಷರವಿಲ್ಲ. ಸಂತೆಯಲ್ಲಿ ತೆಲುಗು ಆಡುತ್ತೇವೆ, ಶಾಲೆಯಿಂದ ಕನ್ನಡ ಬಂತು. ನಾನು ಹುಡುಗನಾಗಿದ್ದಾಗ ಸರ್ಕಾರ ಕೈವಾರದ ರಸ್ತೆಯಿಂದ ಒಳಗೆ, ಒಂದು ಗುಟ್ಟದ, ಅಂದರೆ ಕಲ್ಲುಗುಡ್ಡದ, ಬುಡದಲ್ಲಿ, ನಮಗೆ ಮನೆ ಕಟ್ಟಿಸಿ ಕೊಟ್ಟಿತು. ಅಲ್ಲೇ ನೆಲೆ ನಿಂತೆವು.

ನಿಂತ ಮೇಲೆ ಒಂದೊಂದಾಗಿ ಬಂತು. ಆಶ್ರಮ ಶಾಲೆ ಬಂತು, ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ. ಮಹಿಳಾ ಸಂಘ ಬಂತು, ನನ್ನಾಕೆ ಅದರ ಅಧ್ಯಕ್ಷೆಯಾದಳು. ಅವಳು ಓದಿದ್ದು ಏಳನೇ ತರಗತಿ. ಅರ್ಜಿ ಬರೆಯುವುದು ನಾನು, ಮಾತಾಡುವುದು ಅವಳು. ಹಾಗೆ ನಲ್ಲಿ ಬಂತು, ಬೀದಿ ದೀಪ ಬಂತು, ಮಳೆಗಾಲದಲ್ಲಿ ಕೆಸರಾಗುತ್ತಿದ್ದ ದಾರಿಗೆ ಕಾಂಕ್ರೀಟು ಬಂತು. ಬಾರದೆ ಉಳಿದದ್ದು ಸ್ಮಶಾನ.

ಪಕ್ಕದ ಊರಿನಲ್ಲಿ ಜಾತಿಗೊಂದು ಸ್ಮಶಾನವಿದೆ. ಕಾಂಪೌಂಡಿದೆ, ಗೇಟಿದೆ, ಕೈಕಾಲು ತೊಳೆಯಲು ತೊಟ್ಟಿ ಇದೆ. ನಾವು ಕೇಳಿದಾಗೆಲ್ಲ ಊರಿನವರು ಒಂದೇ ಮಾತು ಹೇಳುತ್ತಿದ್ದರು: "ನಿಮ್ಮದು ಊರೂರು ತಿರುಗೋ ಜಾತಿ. ನಿಮಗ್ಯಾಕಪ್ಪಾ ಸ್ಮಶಾನ?" ಒಮ್ಮೆ ಚಿಕ್ಕಬಳ್ಳಾಪುರದಲ್ಲಿ ಆದಿವಾಸಿಗಳ ದಿನ ಅಂತ ಕಾರ್ಯಕ್ರಮ ಮಾಡಿ ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ವೇದಿಕೆಯಿಂದ ಒಬ್ಬರು, "ನೀವು ಈ ಮಣ್ಣಿನ ಮೂಲನಿವಾಸಿಗಳು" ಎಂದು ಭಾಷಣ ಮಾಡಿದರು. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನ್ನಾಕೆ ಎಲ್ಲರಿಗೂ ಕೇಳುವಂತೆ, "ಮಣ್ಣಿನ ಮೇಲಿನ ವಿಷಯ ಸರಿ ಸ್ವಾಮಿ, ಮಣ್ಣಿನೊಳಗೆ ಒಂದು ಜಾಗ ಕೊಡಿ" ಅಂದಳು. ಸುತ್ತಲಿನವರು ನಕ್ಕರು. ಅವಳು ನಗಲಿಲ್ಲ.

ಕಾಲೋನಿಯ ಹಿಂದೆ, ಕೆರೆ ಕಟ್ಟೆಗೂ ಗುಟ್ಟಕ್ಕೂ ನಡುವೆ ಇಳಿಜಾರಿನಲ್ಲಿ ಸರ್ಕಾರದ ಒಂದು ಖರಾಬು ಜಾಗವಿದೆ. ನಿಂತಾಗಿನಿಂದ ನಮ್ಮವರನ್ನು ಮಣ್ಣು ಮಾಡಿರುವುದು ಅಲ್ಲೇ. ಕಾಗದದಲ್ಲಿ ಅದು ನಮ್ಮದಲ್ಲ. ಪಂಚಾಯ್ತಿಯವರು ಅಲ್ಲಿ ಕಸ ವಿಂಗಡಿಸುವ ಶೆಡ್ಡು ಹಾಕಬೇಕೆಂದು ಕೇಳಿದ್ದರು. ಅದನ್ನು ತಡೆಯಲು ನನ್ನಾಕೆ ಓಡಾಡಿದ್ದು. ಕೊನೆಗೆ ತಾಲೂಕು ಕಚೇರಿಯವರು, "ಅಲ್ಲಿ ನೀವು ಹೂಳ್ತಾ ಇರೋದು ನಿಜವಾದರೆ ಬಂದು ನೋಡ್ತೀವಿ, ಗೋರಿಗಳನ್ನ ತೋರ್ಸಿ" ಅಂದಿದ್ದರು.

ತೊಂದರೆ ಇದ್ದದ್ದು ಅಲ್ಲೇ. ನಮ್ಮಲ್ಲಿ ಗೋರಿ ಇಲ್ಲ.

ನಮ್ಮಲ್ಲಿ ಸತ್ತವರನ್ನು ಸಂಜೆ ಹೂಳುತ್ತೇವೆ. ಹತ್ತಿರದವರು ಗುಣಿ ಕಾಣದಷ್ಟು ದೂರದಲ್ಲೇ ಹೆಣದ ಮೇಲೆ ಹಿಡಿ ಮಣ್ಣು ಹಾಕಿ ಬೆನ್ನು ತಿರುಗಿಸಿ ಗುಟ್ಟದ ಕಡೆ ಮುಖ ಮಾಡಿ ನಿಲ್ಲಬೇಕು. ಅವರ ಬೆನ್ನ ಹಿಂದೆ ಹಿರಿಯರು ಹೆಣವನ್ನು ಗುಣಿಗಿಳಿಸಿ ಮುಚ್ಚಿ, ಕಾಲಲ್ಲಿ ತುಳಿದು, ಉಳಿದ ಮಣ್ಣನ್ನು ದೂರ ಚೆಲ್ಲಿ, ದಿಬ್ಬ ಕಾಣದಂತೆ ಸಮ ಮಾಡುತ್ತಾರೆ. ಸುತ್ತಲೂ ಅಗಲವಾಗಿ ಹುರುಳಿ ಚೆಲ್ಲುತ್ತಾರೆ. ಮೇಲೆ ಮೇಕೆಗಳನ್ನು ಓಡಿಸುತ್ತಾರೆ. ಜಾಲಿ ಕೊಂಬೆಯಿಂದ ಗುಡಿಸುತ್ತಾ ಹಿಂದಕ್ಕೆ ನಡೆದು ಬಂದು "ನಡೀರಿ" ಅನ್ನುತ್ತಾರೆ. ಆಮೇಲೆ ಯಾರೂ ತಿರುಗಿ ನೋಡುವಂತಿಲ್ಲ. ಗುರುತು ಉಳಿದರೆ ಸತ್ತವರು ಅಲ್ಲೇ ಕೂತುಬಿಡುತ್ತಾರೆ, ಗುರುತು ಇಲ್ಲದಿದ್ದರೆ ಎದ್ದು ನಮ್ಮ ಜೊತೆ ನಡೆದು ಬರುತ್ತಾರೆ ಎಂಬುದು ನಮ್ಮವರ ನಂಬಿಕೆ. ತಿರುಗಾಡುವ ಜನ, ಯಾರನ್ನೂ ಹಿಂದೆ ಬಿಟ್ಟು ಹೋಗಲು ಮನಸ್ಸಾಗದೆ ಮಾಡಿಕೊಂಡದ್ದಿರಬೇಕು.

ಅಧಿಕಾರಿಗಳು ಬರುವ ಹಿಂದಿನ ದಿನ ನನ್ನಾಕೆ ಎಲ್ಲರಿಗೂ, "ಸ್ವಲ್ಪ ಜಾಗ ಚೊಕ್ಕಟ ಮಾಡ್ರಪ್ಪಾ, ದೊಡ್ಡವರು ಬರ್ತಾರೆ" ಎಂದು ಹೇಳಿ ಚಿಂತಾಮಣಿಗೆ ಹೋಗಿದ್ದಳು. ಅವಳು ಹೇಳಿದ್ದು ಬಾಟಲಿ, ಪ್ಲಾಸ್ಟಿಕ್ ಎತ್ತಿ ಅಂತ. ಆದರೆ ಅವಳ ಸೋದರಮಾವ, ನಮ್ಮ ಕಾಲೋನಿಯ ಹಿರಿಯ, ಮಣ್ಣು ಮಾಡುವಾಗ ಮುಂದೆ ನಿಲ್ಲುವವನು, ಅದನ್ನು ಬೇರೆ ರೀತಿ ತಿಳಿದುಕೊಂಡ. ಸತ್ತವರಿರುವ ಜಾಗಕ್ಕೆ ದೊಡ್ಡ ಮನುಷ್ಯರು ಬರುತ್ತಾರೆ, ಮರ್ಯಾದೆಯಾಗಿ ಇರಬೇಕು. ಮಳೆಗೆ ಅಲ್ಲಲ್ಲಿ ಮಣ್ಣು ಕುಸಿದು ತಗ್ಗು ಬಿದ್ದಿತ್ತು. ಆ ತಗ್ಗುಗಳಷ್ಟೇ ನಮಗಿದ್ದ ಸಾಕ್ಷಿ. ಮಾವ ನಾಲ್ಕು ಜನರನ್ನು ಕಟ್ಟಿಕೊಂಡು ತಗ್ಗುಗಳನ್ನೆಲ್ಲ ತುಂಬಿ, ಸಮ ಮಾಡಿ, ಮೇಕೆ ಓಡಿಸಿ, ಇಡೀ ಇಳಿಜಾರನ್ನು ಗುಡಿಸಿಟ್ಟಿದ್ದ.

ಬೆಳಿಗ್ಗೆ ಅದನ್ನು ನೋಡಿ ನನ್ನಾಕೆ ತಲೆಯ ಮೇಲೆ ಕೈಯಿಟ್ಟು ಅಲ್ಲೇ ಕೂತಳು.

"ಏನ್ ಮಾವ, ಅಂಗೈ ಥರ ಮಾಡಿಟ್ಟಿದ್ದೀಯಲ್ಲೋ!"

ಮಾವ ಹೆಮ್ಮೆಯಿಂದ, "ಮತ್ತೆ? ನಿನ್ನ ಮಾತು ಮೀರ್ತೀನಾ?" ಅಂದ.

ಅಷ್ಟರಲ್ಲಿ ಜೀಪು ಬಂತು. ಬಂದ ಅಧಿಕಾರಿ ಕೆಟ್ಟವರಲ್ಲ. ಬಿಸಿಲಲ್ಲಿ ಇಳಿಜಾರು ಇಳಿದು ಬಂದು ಸುತ್ತ ನೋಡಿದರು. "ಎಲ್ಲಿದೆಯಮ್ಮಾ ಗೋರಿ?" ಅಂದರು.

"ಇಲ್ಲೇ ಸಾರ್. ನೀವು ನಿಂತಿರೋದು, ನಾನು ನಿಂತಿರೋದು, ಎಲ್ಲಾ ಅವರ ಮೇಲೇನೆ."

ಅಧಿಕಾರಿ ಸ್ವಲ್ಪ ಪಕ್ಕಕ್ಕೆ ಸರಿದರು. ಜೊತೆಗಿದ್ದ ಸರ್ವೆಯರ್ ಅಂಚಿನಲ್ಲಿ ಉಳಿದಿದ್ದ ಹುರುಳಿ ಗಿಡಗಳನ್ನು ನೋಡಿ ನಕ್ಕ. "ಸಾರ್, ಇದು ಉತ್ತಿರೋ ಹೊಲ. ಹುರುಳಿ ಬೆಳೆ ತೆಗೀತಾ ಅವ್ರೆ, ಜಾಗ ಕೈ ತಪ್ಪಬಾರ್ದು ಅಂತ ಸ್ಮಶಾನ ಅಂತಾವ್ರೆ" ಅಂದ.

"ಏನಪ್ಪಾ, ಹುರುಳಿ ತಿನ್ನೋಕೆ ನಾವು ಹೆಣ ಹೂಳ್ತೀವಾ?" ನನ್ನಾಕೆ ಅಂದಳು. ಆಮೇಲೆ ಮಾವನ ಕಡೆ ತಿರುಗಿದಳು. "ಮಾವ, ಒಂದೇ ಒಂದು ತೋರ್ಸು. ನಿನಗೆ ಗೊತ್ತಲ್ಲ."

ಮಾವನಿಗೆ ಗೊತ್ತಿತ್ತು. ಹೊಸ ಗುಣಿ ತೋಡುವಾಗ ಎಲ್ಲಿ ತೋಡಬಾರದು ಎಂದು ಹೇಳುತ್ತಿದ್ದವನು ಅವನೇ. ಆದರೆ ಸತ್ತವರ ಕಡೆ ಬೆರಳು ಮಾಡಿ ತೋರಿಸುವುದು ನಮ್ಮಲ್ಲಿ ಇಲ್ಲ. ಅವನು ಗಡ್ಡ ಕೆರೆದುಕೊಂಡು, ನೆಲ ನೋಡುತ್ತಾ, "ತೋರ್ಸೋ ಹಂಗಿಲ್ಲ ಸ್ವಾಮಿ" ಅಂದ.

ಅಧಿಕಾರಿ ನಿಟ್ಟುಸಿರು ಬಿಟ್ಟರು. "ನಂಬಿಕೆ ನಿಮ್ದು, ಸರಿ. ಆದ್ರೆ ನಾನು ಏನು ಅಂತ ಬರೀಲಿ? ಒಂದಾದ್ರೂ ಗುರುತಿದ್ರೆ ಫೋಟೋ ತೆಗೆದು ಮೇಲಕ್ಕೆ ಕಳಿಸ್ಬೋದು. ಇನ್ನೊಂದು ಸಲ ಬರ್ತೀನಿ, ಅಷ್ಟೇ" ಎಂದು ಹೋದರು.

ಆ ಸಂಜೆ ನನ್ನಾಕೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ಮಾವನನ್ನು ಬಿಡಲಿಲ್ಲ. "ಮುಂದೆ ಯಾರು ಹೋಗ್ತಾರೋ ಅವರ ಮೇಲೆ ಒಂದು ಕಲ್ಲು ನೆಡೋದೇ ಸೈ. ಲೈನಲ್ಲಿ ನೀನೇ ಮುಂದೆ ಇದ್ದೀಯ ಮಾವ. ದೊಡ್ಡ ಕಲ್ಲೇ ನೆಡ್ತೀನಿ, ಜೀಪಿಂದ ಇಳೀದೇನೇ ಕಾಣ್ಬೇಕು."

"ಕಲ್ಲು ತಂದಿಟ್ಕೊಳಮ್ಮಾ. ನಾನು ಅದರ ಮೇಲೆ ಕೂತು ಇನ್ನೊಂದಿಷ್ಟು ವರ್ಷ ಬೀಡಿ ಸೇದ್ತೀನಿ."

"ನಗು ನಗು. ಸರ್ಕಾರಕ್ಕೆ ಸತ್ತಿರೋರ ಗುರುತು ಬೇಕಂತೆ, ಬದುಕಿರೋರದ್ದು ಬೇಡ."

ನನ್ನ ಅತ್ತೆ, ಅಂದರೆ ಅವಳ ತಾಯಿ, ಒಳಗಿಂದ ಗದರಿದಳು: "ದೀಪ ಹಚ್ಚೋ ಹೊತ್ತಲ್ಲಿ ಅದೇನು ಮಾತೇ ನಿಂದು!" ನನ್ನಾಕೆ ಮುದ್ದೆ ತಿಂದಳು, ಹುರುಳಿ ಸಾರಿನಲ್ಲೇ. "ಸರ್ವೆಯರ್‌ಗೆ ಒಂದು ಬಟ್ಟಲು ಕಳಿಸ್ಬೇಕಿತ್ತು" ಅಂದಳು. ನಾನು ನಕ್ಕೆ. ಆ ನಗು ನೆನಪಿದೆ. ಸೀರೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಅವಳು ನಲ್ಲಿಯ ಹತ್ತಿರ ಬಿದ್ದಳು. ತಲೆ ಅಂತ ಎರಡು ಸಲ ಅಂದಳಂತೆ, ನಾನಾಗ ಬಸ್ಸಿಗೆ ಹೊರಟಿದ್ದೆ. ಆಂಬುಲೆನ್ಸ್ ಬಂತು, ಚಿಂತಾಮಣಿ ಆಸ್ಪತ್ರೆಯಲ್ಲಿ ನೋಡಿದರು, ಮೆದುಳಿನಲ್ಲಿ ರಕ್ತಸ್ರಾವ ಆಗಿದೆ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ದಾರಿಯಲ್ಲಿ ಹೋದಳು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಯಾರ ತಪ್ಪೂ ಇರಲಿಲ್ಲ. ಅದೂ ಒಂದು ಕಷ್ಟವೇ, ಬೈಯಲು ಯಾರೂ ಸಿಗದಿರುವುದು.

ಸಂಜೆ ಮಣ್ಣು ಮಾಡಿದೆವು. ನಾನು ಹಿಡಿ ಮಣ್ಣು ಹಾಕಿ, ಬೆನ್ನು ತಿರುಗಿಸಿ, ಗುಟ್ಟದ ಕಡೆ ನೋಡುತ್ತಾ ನಿಂತೆ. ನಮ್ಮ ಮಗಳು ಪಕ್ಕದಲ್ಲಿದ್ದಳು. ಅವಳು ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಾಳೆ. ಹಿಂದೆ ಸನಿಕೆಯ ಸದ್ದು, ಕಾಲು ತುಳಿಯುವ ಸದ್ದು. ಹುರುಳಿ ನೆಲಕ್ಕೆ ಬೀಳುವುದು ಸಣ್ಣ ಹನಿಯ ಹಾಗೆ ಕೇಳುತ್ತದೆ. ಅದು ನಿಂತ ಮೇಲೆ ಮೇಕೆಗಳು ಬಂದವು. ನಿನ್ನೆ ಅವಳು ಹೇಳಿದ ಮಾತು ನನ್ನ ಬಾಯಿಗೆ ಬಂತು: ಮುಂದೆ ಯಾರು ಹೋಗ್ತಾರೋ ಅವರ ಮೇಲೆ ಒಂದು ಕಲ್ಲು. ತಿರುಗಿ ಹೇಳಬೇಕಿತ್ತು. ಹೇಳಬಹುದೇ? ಅವಳು ಹೇಳಿದ್ದು ಮಾವನಿಗೆ, ತನಗಲ್ಲ. ತನ್ನ ಮೇಲೆ ಕಲ್ಲಿಡು ಎಂದು ಅವಳು ಎಂದೂ ಅಂದಿರಲಿಲ್ಲ. ನಾನು ಹಾಗೆ ಯೋಚಿಸುತ್ತಿದ್ದಂತೆ ಮಾವ "ನಡೀರಿ" ಅಂದ. ನಡೆದೆವು.

ಸತ್ತವರ ಹೆಸರನ್ನೂ ನಾವು ಹೇಳುವುದಿಲ್ಲ. ಕಾಲೋನಿಯಲ್ಲಿ ಮುಂದೆ ಹುಟ್ಟುವ ಯಾವುದಾದರೂ ಹೆಣ್ಣುಮಗುವಿಗೆ ಆ ಹೆಸರಿಟ್ಟ ಮೇಲೆ ಮತ್ತೆ ಬಾಯಿಗೆ ತರಬಹುದು. ಇನ್ನೂ ಇಟ್ಟಿಲ್ಲ. ಅದಕ್ಕೇ ಈ ಬರಹದಲ್ಲಿ ಅವಳ ಹೆಸರಿಲ್ಲ. ಅವಳದ್ದೊಂದನ್ನು ಬಿಟ್ಟು ಉಳಿದವರದ್ದು ಬರೆಯಲು ಮನಸ್ಸು ಒಪ್ಪಲಿಲ್ಲ, ಯಾರದ್ದೂ ಬರೆದಿಲ್ಲ.

ಆಮೇಲೆ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಈಗಲೂ ಆಗುವುದಿಲ್ಲ. ನೂಲು ತೆಗೆಯುವ ಕೆಲಸ ಕೂತು ಮಾಡುವ ಕೆಲಸ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿಯಬೇಕು, ಕಡಿದರೆ ಮತ್ತೆ ಹುಡುಕಬೇಕು. ನಾನು ಎಳೆ ಹಿಡಿದು, ಬಿಟ್ಟು, ಎದ್ದು ಹೊರಗೆ ಹೋಗಿ ರಸ್ತೆ ನೋಡಿ ಬರುತ್ತಿದ್ದೆ. ಮಾಲೀಕರು ಒಳ್ಳೆಯವರು, ಮೊದಮೊದಲು ಏನೂ ಅನ್ನಲಿಲ್ಲ. ಒಂದು ದಿನ ಅವರ ತಾಯಿ, ಎಲ್ಲರೂ ಅಮ್ಮೀ ಎಂದು ಕರೆಯುವ ಮುದುಕಿ, ನನ್ನನ್ನು ಕರೆದು ಚಹಾ ಕೊಟ್ಟರು.

"ಏನಪ್ಪಾ, ಬೆಕ್ಕು ಥರ ಒಳಗೆ ಹೊರಗೆ ಮಾಡ್ತೀಯ. ಕೂತ್ಕೋ."

ಕೂತೆ.

"ನಮ್ಮ ಯಜಮಾನ್ರು ಹೋದಾಗ ನನಗೂ ಹಿಂಗೇ ಆಗಿತ್ತು. ನಮ್ಮಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗಲ್ಲ. ಗೋಡೆ ಹೊರಗೆ ನಿಂತ್ಕೊಂಡು, ಅದೋ ಆ ಬೇವಿನ ಮರದ ಕೆಳಗೆ ಅವ್ರೆ ಅಂತ ನೋಡ್ತಿದ್ದೆ. ಅಷ್ಟು ಸಾಕು. ಮನೆಗೆ ಬಂದು ಊಟ ಮಾಡ್ತಿದ್ದೆ. ನೀನೂ ಹೋಗಿ ನಿಂತು ಬಾ. ಎಲ್ಲಿ ಮಣ್ಣು ಮಾಡಿದ್ರಿ?"

"ಗುಟ್ಟದ ಹತ್ರ ಅಮ್ಮೀ."

"ಗುಟ್ಟದ ಹತ್ರ ಎಲ್ಲಿ?"

ನಾನು ಚಹಾ ಕುಡಿದೆ. ಅವರು ನನ್ನ ಲೋಟ ನೋಡಿ, "ಚಹಾ ತಣ್ಣಗಾಯ್ತಾ?" ಅಂದರು. ಆಗಿರಲಿಲ್ಲ.

ರಜಾ ದಿನ ಬಸ್ಸು ಹತ್ತುತ್ತಿದ್ದೆ, ಎಲ್ಲಿಗೆಂದು ಹತ್ತಿದ ಮೇಲೆ ತೀರ್ಮಾನ. ಒಮ್ಮೆ ಚಿಕ್ಕಬಳ್ಳಾಪುರಕ್ಕೆ ಮಗಳನ್ನು ನೋಡಲು ಹೋದೆ. ಹಾಸ್ಟೆಲಿನ ಗೇಟಿನ ಬಳಿ ನಿಂತು ಅವಳು, "ಅಪ್ಪಾ, ಮೊನ್ನೆ ಕ್ಲಾಸಲ್ಲಿ ಮೇಡಂ ಅಮ್ಮನ ಹೆಸರು ಕೇಳಿದ್ರು. ನಾನು ಹೇಳ್ಲಿಲ್ಲ. ಎಲ್ಲರ ಮುಂದೆ, ಅಮ್ಮನ ಹೆಸರು ಗೊತ್ತಿಲ್ವಾ, ನಿಮ್ ಕಡೆಯವರನ್ನ ಎಷ್ಟು ಓದಿಸಿದ್ರೂ ಅಷ್ಟೇ ಅಂದ್ರು" ಅಂದಳು. ಅಳಲಿಲ್ಲ. ಅವಳ ತಾಯಿಯ ಹಾಗೆ ಒಂದು ಕಡೆ ತುಟಿ ಕಚ್ಚಿಕೊಂಡಿದ್ದಳು.

"ಮೇಡಂಗೆ ವಿಷಯ ಹೇಳ್ಬೇಕಿತ್ತು ಕಣಮ್ಮ."

"ಏನಂತ ಹೇಳ್ಲಿ? ಹೆಸರು ಹೇಳೋ ಹಂಗಿಲ್ಲ, ಗೋರಿ ತೋರ್ಸೋ ಹಂಗಿಲ್ಲ. ಅಮ್ಮ ಇದ್ಲು ಅಂತಾದ್ರೂ ಹೇಳ್ಬೋದಾ ಅಪ್ಪಾ?"

ಊರಿಗೆ ವಾಪಸಾಗುವ ಬದಲು ಗೌರಿಬಿದನೂರಿನ ಬಸ್ಸು ಹತ್ತಿದೆ. ಮಂಚೇನಹಳ್ಳಿಯಲ್ಲಿ ಇಳಿದು ಆಟೋದಲ್ಲಿ ತೊಂಡೇಬಾವಿಗೆ ಹೋದೆ. ನನ್ನಾಕೆ ಚಿಕ್ಕ ಹುಡುಗಿಯಾಗಿದ್ದಾಗ ಅವರ ಗುಂಪು ಅಲ್ಲಿ ರೈಲ್ವೆ ಹಳಿಯ ಪಕ್ಕ ಬಿಡಾರ ಹಾಕಿತ್ತು. ಅವಳ ಅಪ್ಪ ಅಲ್ಲೇ ತೀರಿಹೋದ. ಹೂತು, ಹುರುಳಿ ಚೆಲ್ಲಿ, ಬಿಡಾರ ಕಿತ್ತುಕೊಂಡು ನಡೆದುಬಿಟ್ಟರು. ಮದುವೆಯಾದ ಹೊಸತರಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಸ್ಟೇಷನ್ನಿನ ಆಚೆ ಈಚೆ ನಡೆದಾಡಿದ್ದಳು. ಕೊನೆಗೆ, "ಎಲ್ಲಿ ಅಂತ ನಿಲ್ಲಲಿ? ನಡಿ ಹೋಗಣ" ಅಂದಿದ್ದಳು. ಸ್ಮಶಾನದ ಅರ್ಜಿ ಬರೆಸಲು ಶುರು ಮಾಡಿದ್ದು ಅದಾದ ಮೇಲೆ.

ಈಗ ನಾನೊಬ್ಬನೇ ಅಲ್ಲಿ ನಡೆದಾಡಿದೆ. ರೈಲು ಬಂತು, ಜನ ಇಳಿದರು, ಹೋದರು. ಒಬ್ಬಾತ "ಯಾರ್ ಬೇಕಪ್ಪಾ?" ಅಂದ. ಯಾರೂ ಇಲ್ಲ ಅಂದೆ. ವಾಪಸು ಬರುವ ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿ ಇದ್ದರೂ.

ಮನೆಗೆ ಬಂದಾಗ ಸಂಘದ ಹೆಂಗಸರು ಕಾಯುತ್ತಿದ್ದರು. ತಾಲೂಕು ಕಚೇರಿಯಿಂದ ಹೇಳಿ ಕಳಿಸಿದ್ದರು, ಮುಂದಿನ ವಾರ ಅಧಿಕಾರಿ ಇನ್ನೊಮ್ಮೆ ಬರುತ್ತಾರಂತೆ. ಆಗಲೂ ಏನೂ ಕಾಣದಿದ್ದರೆ ಜಾಗ ಕಸದ ಶೆಡ್ಡಿಗೆ. ಹೇಳಿ ಅವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ. ನನ್ನಾಕೆಯ ಮೇಲೆ ಕಸ ಸುರಿಯುವುದು ನನ್ನ ಕಣ್ಣಿಗೆ ಕಂಡಿತ್ತು.

"ಕಲ್ಲು ಇಡ್ತೀನಿ" ಅಂದೆ. ಅಷ್ಟು ಜನರ ಮುಂದೆ ನಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು.

ಅತ್ತೆ ಗೋಡೆಗೆ ಒರಗಿ ಕೂತಿದ್ದವಳು ಎದ್ದು ನಿಂತಳು. "ಯಾರ ಮೇಲೆ?"

"ಅವಳ ಮೇಲೇನೆ. ಅವಳೇ ಹೇಳಿದ್ಲಲ್ಲ ಅತ್ತೆ, ಮುಂದೆ ಯಾರು ಹೋಗ್ತಾರೋ ಅಂತ."

"ನಮ್ಮಣ್ಣನಿಗೆ ಹೇಳಿದ್ದು ಅದು! ತಮಾಷೆಗೆ! ತನ್ನ ಮೇಲೆ ಕಲ್ಲು ಹೇರು ಅಂತ ಹೇಳಿದ್ಲಾ ನನ್ನ ಮಗಳು?"

"ಕಲ್ಲು ಇಲ್ದಿದ್ರೆ ಕಸ ಹೇರ್ತಾರೆ."

"ಕಸ ಆದ್ರೆ ಒದ್ದು ಎದ್ದು ಬರ್ತಾಳೆ ನಾಯ್ನಾ. ಕಲ್ಲಾದ್ರೆ ಕೂತ್ಕೋತಾಳೆ." ಅತ್ತೆಯ ದನಿ ಇಳಿಯಿತು. "ಅವಳು ಒಂದು ಕಡೆ ಕೂತವಳಾ? ಹೇಳು, ನೀನೇ ಹೇಳು. ದಿನಾ ಬೆಳಿಗ್ಗೆ ನಲ್ಲಿ ಹತ್ರ ನನ್ನ ಹಿಂದೆ ಬಂದು ನಿಲ್ತಾಳೆ. ಅದನ್ನೂ ಕಿತ್ಕೋತೀಯಾ?"

ನಾನು ಹೊರಗೆ ಬಂದೆ. ಬಟ್ಟೆ ಒಗೆಯುವ ಕಲ್ಲು ಅಲ್ಲೇ ಇತ್ತು, ಒಂದು ಮೂಲೆ ಸವೆದು ನುಣುಪಾಗಿತ್ತು. ಅವಳು ಹೋದ ಮೇಲೆ ಅದರ ಮೇಲೆ ಯಾರೂ ಬಟ್ಟೆ ಒಗೆದಿರಲಿಲ್ಲ. ಅತ್ತೆಯ ನಲ್ಲಿಯ ಮಾತು ನಿಜವಿರಬಹುದು. ನನ್ನ ಹಿಂದೆ ಯಾರೂ ಬಂದು ನಿಂತಿಲ್ಲ. ನಾನು ಎಷ್ಟು ಊರು ಸುತ್ತಿದರೂ ಅವಳು ನನ್ನ ಜೊತೆ ನಡೆದು ಬಂದದ್ದು ನನಗೆ ಒಮ್ಮೆಯೂ ತಿಳಿಯಲಿಲ್ಲ.

ಇಡುವುದೆಂದರೂ ಎಲ್ಲಿ ಇಡುವುದು? ನಾನು ಗುಟ್ಟ ನೋಡುತ್ತಾ ನಿಂತಿದ್ದವನು. ಹುರುಳಿ ಇಳಿಜಾರಿನ ತುಂಬ ಹುಟ್ಟಿತ್ತು, ಎಲ್ಲಾ ಕಡೆ ಒಂದೇ ಹಸಿರು. ಬೆಳಿಗ್ಗೆ ಬೆಳಿಗ್ಗೆ ಹೋಗಿ ಅದರ ನಡುವೆ ನಡೆದಾಡುತ್ತಿದ್ದೆ. ಅವತ್ತು ನಾನು ನಿಂತಿದ್ದ ಬಂಡೆಯ ಹತ್ತಿರ ನಿಂತು ಬೆನ್ನು ತಿರುಗಿಸಿ, ಸನಿಕೆಯ ಸದ್ದು ಎಡಗಿವಿಗೆ ಕೇಳಿತ್ತೋ ಬಲಗಿವಿಗೋ ಎಂದು ನೆನೆಯುತ್ತಿದ್ದೆ. ಒಂದು ದಿನ ಎಡ ಅನ್ನಿಸುತ್ತಿತ್ತು. ಮಗಳಿಗೆ ಫೋನು ಮಾಡಿ ಕೇಳಿದೆ, ಬಲಗಡೆ ಅಂದಳು.

ಕೊನೆಗೆ ಮಾವನ ಹತ್ತಿರ ಹೋದೆ. ಅವನು ಅಂಗಳದಲ್ಲಿ ಹಳೆಯ ಬಲೆಯೊಂದನ್ನು ಬಿಸಿಲಿಗೆ ಹರಡಿದ್ದ. ಈಗ ಯಾರೂ ಬಲೆ ಹಾಕುವುದಿಲ್ಲ, ಹಾಕಿದರೆ ಅರಣ್ಯದವರು ಹಿಡಿಯುತ್ತಾರೆ. ಆದರೂ ಇಲಿ ಕಡಿಯದಂತೆ ನೋಡಿಕೊಳ್ಳುತ್ತಾನೆ.

"ಮಾವ, ಎಲ್ಲಿ ಅಂತ ಹೇಳು."

"ಕೇಳ್ಬಾರ್ದು."

"ಗೊತ್ತು. ಆದ್ರೂ ಕೇಳ್ತಾ ಇದೀನಿ."

ಅವನು ಬಲೆಯ ಗಂಟೊಂದನ್ನು ಎಳೆದು ನೋಡಿದ. "ಆವತ್ತು ನಾನು ಗುಡಿಸದೇ ಇದ್ದಿದ್ರೆ ತಗ್ಗಾದ್ರೂ ಕಾಣ್ತಿತ್ತು. ಅವಳು ಅಂಗೈ ಥರ ಅಂದ್ಲಲ್ಲ. ನನಗೆ ಅದೇ ಕಿವೀಲಿ." ಬಲೆ ಮಡಚುತ್ತಾ, "ಅವರು ಬರೋ ದಿನ ಕಲ್ಲು ತಗೊಂಬಾ. ಆವಾಗ ತೋರಿಸ್ತೀನಿ" ಅಂದ.

ಅಧಿಕಾರಿ ಬಂದ ದಿನ ಬಟ್ಟೆ ಒಗೆಯುವ ಕಲ್ಲನ್ನು ನಾನೂ ಇನ್ನಿಬ್ಬರೂ ಹೊತ್ತು ತಂದೆವು. ಅತ್ತೆ ಬರಲಿಲ್ಲ. ಬಾಗಿಲು ಹಾಕಿಕೊಂಡು ಒಳಗಿದ್ದಳು. ಇಳಿಜಾರಿನಲ್ಲಿ ಎಲ್ಲರೂ ನಿಂತಿದ್ದೆವು. ಮಾವ ಚಪ್ಪಲಿ ಬಿಟ್ಟು ಹುರುಳಿಯ ನಡುವೆ ನಡೆದು ಹೋದ, ಒಂದು ಕಡೆ ನಿಂತ, ಹಿಂದೆ ಬಂದ, ಮತ್ತೆ ಮುಂದೆ ಹೋದ. ಆಮೇಲೆ ಯಾರ ಮುಖವನ್ನೂ ನೋಡದೆ ಬೆರಳು ನೆಲಕ್ಕೆ ತೋರಿಸಿದ. ನಮ್ಮ ಹೆಂಗಸರು ಒಟ್ಟಿಗೆ ಮುಖ ಆಚೆ ತಿರುಗಿಸಿದರು.

ಅಲ್ಲಿ ಸ್ವಲ್ಪ ಮಣ್ಣು ತೆಗೆದು ಕಲ್ಲನ್ನು ನಿಲ್ಲಿಸಿದೆವು. ಸವೆದ ಮೂಲೆ ಮೇಲೆ ಬಂತು. ಅಧಿಕಾರಿ ಚಪ್ಪಲಿ ಬಿಟ್ಟು ಕೈ ಮುಗಿದರು, ಆಮೇಲೆ ಫೋಟೋ ತೆಗೆಸಿದರು. ಸರ್ವೆಯರ್ ಈ ಸಲ ನಗಲಿಲ್ಲ. "ಇಲ್ಲೇ ಅಲ್ವಾ, ಸರಿಯಾಗಿ?" ಎಂದು ಮಾವನನ್ನು ಕೇಳಿದ.

"ಇಲ್ಲಿ ನಮ್ಮವರಿದ್ದಾರೆ ಸ್ವಾಮಿ" ಅಂದ ಮಾವ.

ಆ ಮಾತನ್ನು ನಾನು ಕೇಳಿಸಿಕೊಂಡೆ. ನಮ್ಮವರು ಅಂದ. 'ಅವಳು' ಅಂತ ಅನ್ನಲಿಲ್ಲ. ಜೀಪು ಹೋದ ಮೇಲೆ ಎಲ್ಲರೂ ಮನೆ ಕಡೆ ಹೊರಟರು, ನಾನು ಅವನನ್ನು ಕೆರೆ ಕಟ್ಟೆಯ ಮೇಲೆ ತಡೆದೆ.

"ಮಾವ, ಅವಳು ಅಲ್ಲೇ ಇದ್ದಾಳಾ?"

ಅವನು ಬೀಡಿ ಹಚ್ಚಲು ನೋಡಿದ, ಗಾಳಿಗೆ ಕಡ್ಡಿ ಆರಿತು. "ಸರ್ಕಾರಕ್ಕೆ ಒಂದು ಕಲ್ಲು ಬೇಕಿತ್ತು, ಕೊಟ್ವಿ. ನಮ್ಮ ತಂಗಿಗೆ ಮಗಳು ನಡೆದು ಬರ್ಬೇಕು. ನಾನು ಇಬ್ಬರಿಗೂ ಉತ್ತರ ಹೇಳ್ಬೇಕಲ್ಲಪ್ಪ."

"ನನಗೆ?"

"ನಿನಗೆ ಹೇಳೋ ಹಂಗಿಲ್ಲ. ಗಂಡನಿಗೆ ಹೇಳೋ ಹಂಗೇ ಇಲ್ಲ." ಅವನ ಕಣ್ಣು ಕೆಂಪಾಗಿತ್ತು. "ಕೇಳ್ಬೇಡ ಕಣಪ್ಪಾ. ಕೇಳಿದ್ರೆ ನಾನು ಹೇಳ್ಬಿಡ್ತೀನಿ."

ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಯಾಕೆ ಕೇಳಲಿಲ್ಲ ಎಂದು ಬಸ್ಸಿನಲ್ಲಿ, ತೊಟ್ಟಿಯ ಮುಂದೆ, ಊಟದ ನಡುವೆ ಯೋಚಿಸುತ್ತೇನೆ. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಅವಳಿಗೆ ಏನಾದರೂ ಹೇಳಬೇಕಿತ್ತು. "ಅವಳ ಮೇಲೆ ಕಲ್ಲಿಲ್ಲ ಅತ್ತೆ" ಅಂದೆ. ಅದು ನಿಜವೋ ಸುಳ್ಳೋ ನನಗೆ ತಿಳಿದಿರಲಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಅನ್ನ ಬಡಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು. ಕಸದ ಶೆಡ್ಡು ಬೇರೆ ಕಡೆ ಹೋಯಿತು. ಇಳಿಜಾರಿನ ಅಂಚಿಗೆ ಕಲ್ಲುಕಂಬ ನೆಟ್ಟು, ನಮ್ಮ ಜನಾಂಗದ ಸ್ಮಶಾನ ಎಂದು ಹಳದಿ ಬೋರ್ಡು ಹಾಕಿದ್ದಾರೆ. ಸಂಘದ ಹೆಂಗಸರು ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದರು. ನನ್ನ ಮಗಳು ಬಂದು ಫೋಟೋ ತೆಗೆದುಕೊಂಡು ಹೋದಳು. ಇನ್ನು ಮೇಲೆ ಹೋಗುವವರಿಗೆ ಏನು ಮಾಡಬೇಕು, ಕಲ್ಲು ಇಡಬೇಕೋ ಗುಡಿಸಬೇಕೋ ಎಂದು ಕಾಲೋನಿಯಲ್ಲಿ ಜಗಳ ನಡೆಯುತ್ತಲೇ ಇದೆ. ಮಾವ ಅದಕ್ಕೆ ಸೇರುವುದಿಲ್ಲ.

ಮನೆ ಮುಂದೆ ಕಲ್ಲಿದ್ದ ಜಾಗದಲ್ಲಿ ಒಂದು ಚೌಕ ಉಳಿದಿದೆ, ಅಲ್ಲಿ ಹುಲ್ಲು ಹುಟ್ಟಿಲ್ಲ. ಬಟ್ಟೆಯನ್ನು ಬಕೆಟ್ಟಿನಲ್ಲೇ ಉಜ್ಜಿ ಹಿಂಡುತ್ತೇನೆ. ಅಮ್ಮೀ ಈಚೆಗೆ ಒಮ್ಮೆ, "ಹೋಗಿ ನಿಂತು ಬಂದ್ಯಾ?" ಎಂದು ಕೇಳಿದರು. ಬಂದೆ ಅಂದೆ. ಹೋಗಿದ್ದು ನಿಜ. ಇಳಿಜಾರಿನ ಒಂದೊಂದು ಕಡೆ ಒಂದೊಂದು ದಿನ ನಿಲ್ಲುತ್ತೇನೆ.

ನಮಗೆ ಸ್ಮಶಾನ ಸಿಕ್ಕಿದೆ. ಅದರಲ್ಲಿ ನನ್ನಾಕೆ ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ.